ಅರ್ಧ ಮುಖದ ಇತಿಹಾಸ

ರಾತ್ರಿ ಚೆನ್ನಾಗಿ ಮಲಗಿದ್ದ ಮನುಷ್ಯ ಬೆಳಿಗ್ಗೆ ಎದ್ದು ಬಾಯಿ ಮುಕ್ಕಳಿಸಲು ಹೋಗುತ್ತಾನೆ; ನೀರು ಒಂದು ಕಟವಾಯಿಂದ ತಾನಾಗಿಯೇ ಸುರಿದುಹೋಗುತ್ತದೆ. ಕನ್ನಡಿಯಲ್ಲಿ ನೋಡಿಕೊಂಡರೆ ಬಾಯಿ ಒಂದು ಕಡೆಗೆ ಎಳೆದಿದೆ, ಒಂದು ಕಣ್ಣು ಮುಚ್ಚುತ್ತಿಲ್ಲ. ನಮ್ಮ ಊರುಗಳಲ್ಲಿ ಇಂಥದನ್ನು ಕಂಡವರ ಬಾಯಿಂದ ಹೊರಡುವ ಮೊದಲ ಮಾತು “ಲಕ್ವ ಹೊಡೆದಿದೆ” ಎಂಬುದು. ಕೈಕಾಲು ಬಿದ್ದುಹೋಗಿ ಹಾಸಿಗೆ ಹಿಡಿದವನಿಗೂ ಅದೇ ಮಾತು. ಹೆಸರು ಒಂದೇ ಆದುದರಿಂದ ರೋಗವೂ ಒಂದೇ ಎಂದು ಬಗೆದು ಕೆಲವು ಮನೆಗಳಲ್ಲಿ ಗೋಳಾಟ ಪ್ರಾರಂಭವಾಗುತ್ತದೆ. ಇನ್ನು ಕೆಲವು ಮನೆಗಳಲ್ಲಿ ಎಣ್ಣೆ ತಿಕ್ಕಿದರೆ ಹೋದೀತೆಂದು ಸುಮ್ಮನೆ ಕುಳಿತುಬಿಡುತ್ತಾರೆ. ಈ ಎರಡು ರೋಗಗಳನ್ನು ಬೇರ್ಪಡಿಸಿ ನೋಡಲು ಮನುಷ್ಯ ಕಲಿತದ್ದು ಹೇಗೆ ಎಂಬುದು ವೈದ್ಯಶಾಸ್ತ್ರದ ಇತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯ. ಅದನ್ನು ತಿಳಿದುಕೊಳ್ಳುವುದರಿಂದ ರೋಗಿಗೆ ಧೈರ್ಯ ಬರುತ್ತದೆ. ಒಮ್ಮೆ ಬಂದು ಹೋದ ರೋಗ ಮತ್ತೆ ಬಂದವರಿಗಂತೂ ಅದರಿಂದ ನೇರವಾದ ಪ್ರಯೋಜನವೇ ಉಂಟು.

ಮೊದಲು ಶಬ್ದವನ್ನೇ ನೋಡೋಣ. ‘ಲಕ್ವ’ ಕನ್ನಡದ ದೇಶ್ಯಶಬ್ದವಲ್ಲ. ಅರಬ್ಬೀ ವೈದ್ಯಗ್ರಂಥಗಳ ‘ಲಖ್ವಾ’ ಎಂಬುದೇ ಪಾರಸಿ, ಉರ್ದುಗಳನ್ನು ಹಾದು ನಮ್ಮಲ್ಲಿಗೆ ಬಂದು ಈ ರೂಪವನ್ನು ತಾಳಿದೆ. ಅರಬ್ಬೀ ವೈದ್ಯರಿಗೆ ಅದು ಮುಖ ಸೊಟ್ಟಾಗುವ ರೋಗಕ್ಕೆ ಮಾತ್ರ ಸಲ್ಲುವ ಹೆಸರು. ಮೈಯ ಒಂದು ಪಾರ್ಶ್ವವೇ ಸ್ವಾಧೀನ ತಪ್ಪುವ ರೋಗಕ್ಕೆ ಅವರಲ್ಲಿ ‘ಫಾಲಿಜ್’ ಎಂಬ ಬೇರೆ ಹೆಸರಿತ್ತು. ದಾರಿಯಲ್ಲಿ ಶಬ್ದದ ಅರ್ಥ ಅಗಲವಾಗಿ, ಅವರು ಎರಡಾಗಿ ಕಂಡದ್ದು ನಮ್ಮ ಆಡುಮಾತಿನಲ್ಲಿ ಒಂದಾಗಿಬಿಟ್ಟಿತು.

ಸಂಸ್ಕೃತದ ವೈದ್ಯಗ್ರಂಥಗಳಲ್ಲಿಯೂ ಹೆಸರುಗಳು ಎರಡಿದ್ದವು. ಸುಶ್ರುತಸಂಹಿತೆಯ ನಿದಾನಸ್ಥಾನದ ಮೊದಲನೆಯ ಅಧ್ಯಾಯ ವಾತವ್ಯಾಧಿಗಳಿಗೆ ಮೀಸಲು. ಅಲ್ಲಿ ಪಕ್ಷಾಘಾತ ಬೇರೆ, ‘ಅರ್ದಿತ’ ಬೇರೆ. ಅರ್ದಿತವೆಂದರೆ ಪೀಡೆಗೆ ಒಳಗಾದದ್ದು ಎಂದು ಅರ್ಥ. ಮುಖದ ಅರ್ಧ ಭಾಗ ವಕ್ರವಾಗುವುದು, ಮಾತು ತೊಡರುವುದು, ಕಣ್ಣು ಮುಂತಾದವು ವಿಕಾರಗೊಳ್ಳುವುದು, ಅದೇ ಪಾರ್ಶ್ವದ ಕತ್ತು, ಗಲ್ಲ, ಹಲ್ಲುಗಳಲ್ಲಿ ನೋವು ಕಾಣಿಸಿಕೊಳ್ಳುವುದು ಅದರ ಲಕ್ಷಣಗಳು. ಚರಕಸಂಹಿತೆ ಮಾತ್ರ ಈ ಹೆಸರನ್ನು ಇನ್ನೂ ಸ್ವಲ್ಪ ಅಗಲವಾಗಿ ಹಿಡಿದು, ಅರ್ಧ ಶರೀರದೊಡನೆ ಬಂದದ್ದನ್ನೂ ಬರಿಯ ಅರ್ಧ ಮುಖಕ್ಕೆ ಬಂದದ್ದನ್ನೂ ಅರ್ದಿತವೆಂದೇ ಕರೆಯುತ್ತದೆ. ಸುಶ್ರುತನ ಪಕ್ಷದಲ್ಲಿ ಅದು ಮುಖಕ್ಕೆ ಮಾತ್ರ. ಎಲ್ಲಿ ಗೆರೆ ಎಳೆಯಬೇಕೆಂಬ ಚರ್ಚೆ ಅಷ್ಟು ಹಳೆಯದು.

ಸುಶ್ರುತಸಂಹಿತೆ ಹೇಳುವ ಕಾರಣಗಳ ಪಟ್ಟಿಯೂ ಸ್ವಾರಸ್ಯವಾಗಿದೆ. ಗಟ್ಟಿಯಾಗಿ ಮಾತನಾಡುವುದು, ಬಹಳ ಗಡುಸಾದ ಪದಾರ್ಥಗಳನ್ನು ಅಗಿಯುವುದು, ನಗುವುದು, ಆಕಳಿಸುವುದು, ಭಾರ ಹೊರುವುದು, ಏರುತಗ್ಗಿನ ಹಾಸಿಗೆಯಲ್ಲಿ ಮಲಗುವುದು. ಮೊದಲನೆಯದನ್ನು ಓದಿದರೆ ಉಪಾಧ್ಯಾಯ ವೃತ್ತಿಯವರಿಗೆಲ್ಲ ಕೊಂಚ ಗಾಬರಿಯಾದೀತು! ಈಗಿನ ವೈದ್ಯಶಾಸ್ತ್ರ ಈ ಕಾರಣಗಳನ್ನು ಒಪ್ಪುವುದಿಲ್ಲ, ಭಯಕ್ಕೆ ಎಡೆಯಿಲ್ಲ. ಆದರೆ ಯಾರಿಗೆ ಈ ರೋಗ ಬರುತ್ತದೆಂದು ಹೇಳುವಾಗ ಅದೇ ಗ್ರಂಥ ಗರ್ಭಿಣಿಯನ್ನೂ ಬಾಣಂತಿಯನ್ನೂ ಮೊದಲು ಹೆಸರಿಸುತ್ತದೆ. ಗರ್ಭದ ಕೊನೆಯ ಮೂರು ತಿಂಗಳಲ್ಲಿಯೂ ಹೆರಿಗೆಯಾದ ಮೊದಲ ವಾರದಲ್ಲಿಯೂ ಈ ರೋಗದ ಸಂಭವ ಹೆಚ್ಚೆಂಬುದನ್ನು ಈಗಿನ ವೈದ್ಯರೂ ಒಪ್ಪುತ್ತಾರೆ. ಇನ್ನೂ ಒಂದು ಮಾತು. ರೆಪ್ಪೆ ಬಡಿಯಲಾರದ ಕಣ್ಣು, ಮೂರು ವರ್ಷ ಹಳತಾದ ರೋಗ — ಇವನ್ನು ಸುಶ್ರುತ ಅಸಾಧ್ಯದ ಕಡೆಗೆ ಸೇರಿಸಿದ್ದಾನೆ. ಇಂದಿನ ವೈದ್ಯರು ರೋಗದ ತೀವ್ರತೆಯನ್ನು ಅಳೆಯಲು ಬಳಸುವ, 1985ರಲ್ಲಿ ಹೌಸ್ ಮತ್ತು ಬ್ರಾಕ್‌ಮನ್ ಎಂಬವರು ರೂಪಿಸಿದ, ಆರು ಮೆಟ್ಟಿಲಿನ ಕ್ರಮದಲ್ಲಿಯೂ ಮೂರನೆಯದನ್ನು ನಾಲ್ಕನೆಯದರಿಂದ ಬೇರ್ಪಡಿಸುವ ಮುಖ್ಯ ಗುರುತು ಯಾವುದೆಂದರೆ, ರೋಗಿಯ ಕಣ್ಣು ಪ್ರಯತ್ನಪಟ್ಟರೆ ಪೂರ್ತಿ ಮುಚ್ಚುತ್ತದೆಯೇ ಇಲ್ಲವೇ ಎಂಬುದೇ. ಹಳೆಯವರ ಕಾರಣಗಳು ಬಿದ್ದುಹೋದರೂ ಅವರು ಕಣ್ಣಿಟ್ಟು ನೋಡಿದ್ದು ನಿಂತಿದೆ.

ಪಾರಸಿ ದೇಶದ ರೈ ಪಟ್ಟಣದಲ್ಲಿ ಹುಟ್ಟಿದ ರಾಜಿ ಎಂಬ ವೈದ್ಯ ಒಂಬತ್ತು ಹತ್ತನೆಯ ಶತಮಾನದವನು. ಕಾಲವಾದದ್ದು 925ರ ಸುಮಾರಿನಲ್ಲಿ. ಆತನ ಟಿಪ್ಪಣಿಗಳನ್ನು ಮರಣಾನಂತರ ಒಟ್ಟುಗೂಡಿಸಿದ ‘ಅಲ್-ಹಾವಿ’ ಎಂಬ ಬೃಹದ್ಗ್ರಂಥದಲ್ಲಿ ಮುಖದ ಸೊಟ್ಟಕ್ಕೆ ಪ್ರತ್ಯೇಕವಾದ ವಿವರಣೆ ಇದೆ. ಮುಖ ಸೊಟ್ಟಾದವನಲ್ಲಿ ಮಂಪರು, ಪ್ರಜ್ಞೆ ತಪ್ಪುವುದು ಮೊದಲಾದ ಬೇರೆ ಕೇಡುಗಳೂ ಇವೆಯೇ ಎಂದು ಆತ ನೋಡಿದ. ಇದ್ದರೆ ಕೇಡು ಮೆದುಳಿನಲ್ಲಿ. ಇಲ್ಲದಿದ್ದರೆ ಅದು ಮುಖಕ್ಕೆ ಸೇರಿದ್ದು. ಇಂದಿಗೂ ವೈದ್ಯನು ಮೊದಲು ಕೇಳಿಕೊಳ್ಳುವ ಪ್ರಶ್ನೆ ಇದೇ.

ಆದರೆ ಮುಖವನ್ನು ಆಡಿಸುವ ನರ ಯಾವುದೆಂಬುದು ತಿಳಿಯಲು ಇನ್ನೂ ಎಂಟು ಒಂಬತ್ತು ಶತಮಾನಗಳು ಬೇಕಾದವು. ಇಟಲಿಯ ಪಾದುವಾದಲ್ಲಿ ಅಂಗರಚನಾಶಾಸ್ತ್ರದ ಅಧ್ಯಾಪಕನಾಗಿದ್ದ ಫಲ್ಲೋಪಿಯೊ ತನ್ನ 1561ರ ಗ್ರಂಥದಲ್ಲಿ, ಕಿವಿಯ ಹಿಂದಿನ ಮೂಳೆಯೊಳಗೆ ಸುತ್ತಿ ಹೋಗುವ ಒಂದು ಕಿರುಗಾಲುವೆಯನ್ನು ವರ್ಣಿಸಿದ. ಅದರೊಳಗೆ ಹಾದುಬರುವ ನರವೇ ಮೆದುಳಿನಿಂದ ಹೊರಡುವ ಹನ್ನೆರಡು ಜೊತೆ ನರಗಳಲ್ಲಿ ಏಳನೆಯದು. ಆ ಕಾಲುವೆಯ ಅತ್ಯಂತ ಇಕ್ಕಟ್ಟಾದ ಜಾಗದ ಅಗಲ ಒಂದು ಮಿಲಿಮೀಟರಿಗಿಂತಲೂ ಕಡಿಮೆ. ಸುತ್ತಲೂ ಮೂಳೆ. ನರ ಸ್ವಲ್ಪ ಬಾತುಕೊಂಡರೂ ಹಿಗ್ಗಲು ಎಡೆಯಿಲ್ಲದೆ ತನ್ನನ್ನು ತಾನೇ ಹಿಸುಕಿಕೊಳ್ಳುತ್ತದೆ. ನಾವು ಮಾತನಾಡುತ್ತಿರುವ ರೋಗದ ಮರ್ಮವೆಲ್ಲ ಆ ಇಕ್ಕಟ್ಟಿನಲ್ಲಿದೆ.

1798ರಲ್ಲಿ ಜರ್ಮನಿಯ ವೂರ್ತ್ಸ್‌ಬರ್ಗ್ ನಗರದ ವೈದ್ಯ ನಿಕೊಲಾಸ್ ಫ್ರೀಡ್ರೈಕ್ ಮೂವರು ರೋಗಿಗಳ ಕಥೆಯನ್ನು ಪ್ರಕಟಿಸಿದ: ಥಟ್ಟನೆ ಮುಖದ ಒಂದು ಭಾಗ ಸೋತದ್ದು, ಅದರ ಲಕ್ಷಣಗಳು, ಕ್ರಮೇಣ ಗುಣವಾದದ್ದು. ಆದರೂ ರೋಗಕ್ಕೆ ನಿಂತ ಹೆಸರು ಅವನದಲ್ಲ. ಇಪ್ಪತ್ತಮೂರು ವರ್ಷಗಳ ತರುವಾಯ ಬಂದ ಚಾರ್ಲ್ಸ್ ಬೆಲ್ಲನದು.

ಬೆಲ್ 1774ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಪಾದ್ರಿಯೊಬ್ಬನ ಮಗನಾಗಿ ಹುಟ್ಟಿದ. ಶಸ್ತ್ರವೈದ್ಯ, ಅಷ್ಟೇ ಅಲ್ಲ, ಒಳ್ಳೆಯ ಚಿತ್ರಕಾರ. ವಾಟರ್ಲೂ ಕಾಳಗ ಮುಗಿದಮೇಲೆ 1815ರಲ್ಲಿ ಅಲ್ಲಿಗೆ ಹೋಗಿ ಗಾಯಾಳುಗಳಿಗೆ ಶಸ್ತ್ರಚಿಕಿತ್ಸೆ ಮಾಡಿ, ಅವರ ಗಾಯಗಳನ್ನು ಬಣ್ಣದಲ್ಲಿ ಚಿತ್ರಿಸಿ ತಂದವನು. ಅದಕ್ಕೂ ಮೊದಲೇ, 1806ರಲ್ಲಿ, ಚಿತ್ರಕಾರರಿಗೆಂದು ಮುಖಭಾವಗಳ ಅಂಗರಚನೆಯ ಮೇಲೆ ಒಂದು ಗ್ರಂಥವನ್ನು ಬರೆದಿದ್ದ. ನಮ್ಮ ನಾಟ್ಯಶಾಸ್ತ್ರ ಕಣ್ಣು, ಹುಬ್ಬು, ಮೂಗು, ತುಟಿ, ಕೆನ್ನೆ, ಗಲ್ಲ ಎಂದು ಉಪಾಂಗಗಳನ್ನು ಎಣಿಸಿ ಒಂದೊಂದರ ಅಭಿನಯವನ್ನು ಹೇಳುತ್ತದೆಯಲ್ಲವೆ? ಅವನ್ನು ಆಡಿಸುವ ಸ್ನಾಯುಗಳಾವುವು ಎಂಬುದು ಬೆಲ್ಲನ ಪ್ರಶ್ನೆ. ಕೋಪದಲ್ಲಿ ಗಂಟಿಕ್ಕುವ ಹುಬ್ಬು, ನಗುವಿನಲ್ಲಿ ಅರಳುವ ಕೆನ್ನೆ, ಮುಚ್ಚುವ ರೆಪ್ಪೆ, ಮುದುಡುವ ತುಟಿ ಇವೆಲ್ಲವೂ ಆ ಏಳನೆಯ ನರದ ಅಪ್ಪಣೆಯಂತೆ ನಡೆಯುತ್ತವೆ.

1821ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ಲೇಖನದಲ್ಲಿ, ಕತ್ತೆಗಳ ಮೇಲೆ ಮಾಡಿದ ಪ್ರಯೋಗಗಳ ಆಧಾರದಿಂದ, ಮುಖದ ಸ್ಪರ್ಶಜ್ಞಾನ ಐದನೆಯ ನರದ್ದು, ಚಲನೆ ಏಳನೆಯದರದ್ದು ಎಂಬ ಭೇದವನ್ನು ಆತ ತೋರಿಸಹೊರಟ. ಎಲ್ಲವೂ ಆತನಿಗೆ ಸರಿಯಾಗಿ ಹೊಳೆಯಿತೆಂದಲ್ಲ. ಏಳನೆಯದನ್ನು ಉಸಿರಾಟಕ್ಕೆ ಸಂಬಂಧಪಟ್ಟ ನರವೆಂದು ಭಾವಿಸಿದ್ದ. ಫ್ರಾನ್ಸಿನ ಮಜೆಂದಿಯೊಡನೆ ಬೆನ್ನುಹುರಿಯ ನರಮೂಲಗಳ ವಿಷಯದಲ್ಲಿ ದೊಡ್ಡ ವಿವಾದವೂ ನಡೆಯಿತು. ಆದರೆ ಈ ಭೇದಜ್ಞಾನದಿಂದ ಒಡನೆಯೇ ಒಂದು ಉಪಕಾರವಾಯಿತು. ಅಂದಿನ ಶಸ್ತ್ರವೈದ್ಯರು ಮುಖದ ಘೋರವಾದ ನರಶೂಲೆಯನ್ನು ನಿಲ್ಲಿಸಲೆಂದು ಏಳನೆಯ ನರವನ್ನೇ ಕತ್ತರಿಸುತ್ತಿದ್ದುದುಂಟು. ನೋವು ಹಾಗೆಯೇ ಉಳಿಯುತ್ತಿತ್ತು; ಮುಖ ಮಾತ್ರ ಬಿದ್ದುಹೋಗುತ್ತಿತ್ತು. ನೋವಿನ ನರ ಬೇರೆ, ಚಲನೆಯ ನರ ಬೇರೆ ಎಂದು ತಿಳಿದಮೇಲೆ ಆ ಕೆಲಸಕ್ಕೆ ಅರ್ಥವೇ ಉಳಿಯಲಿಲ್ಲ. ಈ ರೋಗಿ ಕಣ್ಣು ಮುಚ್ಚಲು ಯತ್ನಿಸಿದಾಗ ರೆಪ್ಪೆ ಇಳಿಯದೆ ಗುಡ್ಡೆ ಮಾತ್ರ ಮೇಲಕ್ಕೆ ಹೊರಳಿ ಬಿಳುಪು ಕಾಣುವುದನ್ನೂ ಬೆಲ್ ಗುರುತಿಸಿದ್ದಾನೆ. ಆತ 1842ರಲ್ಲಿ ತೀರಿಕೊಂಡ. ಕಾರಣ ತಿಳಿಯದೆ ಥಟ್ಟನೆ ಬರುವ ಮುಖದ ಸೋಲಿಗೆ ಇಂದು ಲೋಕವೆಲ್ಲ ‘ಬೆಲ್ಸ್ ಪಾಲ್ಸಿ’ ಎನ್ನುತ್ತದೆ.

ಇನ್ನು ಗೃಹಸ್ಥರಿಗೆ ಉಪಯೋಗವಾಗುವ ಒಂದು ಗುರುತು. ಹಣೆಯ ಸ್ನಾಯುಗಳಿಗೆ ಮೆದುಳಿನ ಎರಡೂ ಪಾರ್ಶ್ವಗಳಿಂದ ಅಪ್ಪಣೆ ಬರುತ್ತದೆ. ಆದುದರಿಂದ ಮೆದುಳಿನ ಒಂದು ಪಾರ್ಶ್ವದಲ್ಲಿ ರಕ್ತದ ಓಟ ಕೆಟ್ಟು ಪಾರ್ಶ್ವವಾಯು ಬಂದಾಗ ಬಾಯಿ ಸೊಟ್ಟಾದರೂ ಸಾಮಾನ್ಯವಾಗಿ ಹುಬ್ಬೇರಿಸಲು ಆಗುತ್ತದೆ. ಹಣೆಯ ನೆರಿಗೆ ಎರಡು ಕಡೆಯೂ ಮೂಡುತ್ತದೆ. ಏಳನೆಯ ನರವೇ ಸೋತಾಗ ಆ ಕಡೆಯ ಹಣೆಯೂ ನುಣ್ಣಗೆ ನಿಂತುಬಿಡುತ್ತದೆ. ಇದಕ್ಕೂ ಅಪವಾದಗಳಿವೆ. ಆದುದರಿಂದ ಮನೆಯಲ್ಲಿಯೇ ಹಣೆ ನೋಡಿ ತೀರ್ಮಾನಿಸತಕ್ಕದ್ದಲ್ಲ. ಮುಖ ಸೊಟ್ಟಾದೊಡನೆ, ಅದರಲ್ಲಿಯೂ ಕೈಕಾಲಿನ ಬಲ ತಗ್ಗಿದ್ದರೆ, ಮಾತು ತಪ್ಪುತ್ತಿದ್ದರೆ, ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಗೆರೆ ಎಳೆಯುವ ಕೆಲಸ ವೈದ್ಯರದು.

ಚಿಕಿತ್ಸೆಯ ಇತಿಹಾಸ ಉದ್ದವಾದದ್ದು. ಚರಕನಲ್ಲಿ ನಸ್ಯ, ತಲೆಗೆ ಎಣ್ಣೆ. ಹತ್ತೊಂಬತ್ತನೆಯ ಶತಮಾನದ ಯೂರೋಪಿನಲ್ಲಿ ಜಿಗಣೆ ಹಚ್ಚುವುದು, ಬೊಬ್ಬೆ ಎಬ್ಬಿಸುವ ಪಟ್ಟು. ಫ್ರಾನ್ಸಿನ ದ್ಯೂಶೆನ್ ವಿದ್ಯುತ್ತಿನಿಂದ ಮುಖದ ಒಂದೊಂದು ಸ್ನಾಯುವನ್ನೂ ಪ್ರತ್ಯೇಕವಾಗಿ ಕುಣಿಸಿ, ಆ ಚಿತ್ರಗಳನ್ನು 1862ರಲ್ಲಿ ಪ್ರಕಟಿಸಿದ. 1932ರಲ್ಲಿ ಬ್ಯಾಲೆನ್ಸ್ ಮತ್ತು ಡ್ಯುಯೆಲ್ ಎಂಬ ಶಸ್ತ್ರವೈದ್ಯರು ಮೂಳೆಯ ಕಾಲುವೆಯನ್ನು ಕೊರೆದು ನರಕ್ಕೆ ಎಡೆಮಾಡಿಕೊಡುವ ಕ್ರಮವನ್ನು ವಿವರಿಸಿದರು. ಇವುಗಳಲ್ಲಿ ಯಾವುದರಿಂದ ಗುಣವಾಯಿತು, ಯಾವುದು ತಾನಾಗಿಯೇ ಗುಣವಾಯಿತು ಎಂದು ಹೇಳುವುದು ಹೇಗೆ? ಬಹು ಮಂದಿ ಏನೂ ಮಾಡದಿದ್ದರೂ ಗುಣವಾಗುವ ರೋಗದಲ್ಲಿ ಎಲ್ಲ ಔಷಧಗಳಿಗೂ ಕೀರ್ತಿ ಬರುತ್ತದೆ. ಡೆನ್ಮಾರ್ಕಿನ ಕೋಪನ್‌ಹೇಗನ್ನಿನಲ್ಲಿ ಪೈಟರ್ಸನ್ ಎಂಬ ವೈದ್ಯ ಇಪ್ಪತ್ತೈದು ವರ್ಷಗಳ ಕಾಲ ಔಷಧ ಕೊಡದೆ ರೋಗದ ನಡೆಯನ್ನು ಮಾತ್ರ ದಾಖಲೆ ಮಾಡಿ 2002ರಲ್ಲಿ ಲೆಕ್ಕವನ್ನು ಮುಂದಿಟ್ಟ. 1,701 ಮಂದಿ ಬೆಲ್ ರೋಗಿಗಳಲ್ಲಿ ನೂರಕ್ಕೆ 85 ಮಂದಿಗೆ ಮೂರು ವಾರಗಳೊಳಗೆ ಚಲನೆ ಮರಳಲು ಪ್ರಾರಂಭವಾಯಿತು. ಉಳಿದವರಿಗೆ ಮೂರರಿಂದ ಐದು ತಿಂಗಳು ಹಿಡಿಯಿತು. ನೂರಕ್ಕೆ 71 ಮಂದಿಯ ಮುಖ ಮೊದಲಿನಂತೆಯೇ ಆಯಿತು. ಮಿಕ್ಕವರಲ್ಲಿ ಅಷ್ಟೋ ಇಷ್ಟೋ ಕೊರತೆ ಉಳಿಯಿತು.

ಆ ಮಿಕ್ಕವರ ಸಂಖ್ಯೆಯನ್ನು ತಗ್ಗಿಸುವ ಔಷಧವುಂಟೇ ಎಂಬುದಕ್ಕೆ ಉತ್ತರ ಬಂದದ್ದು ಬೆಲ್ಲನು ಹುಟ್ಟಿದ ಸ್ಕಾಟ್ಲೆಂಡಿನಿಂದಲೇ. 2007ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ ರೋಗ ಬಂದ 72 ಗಂಟೆಗಳೊಳಗಾಗಿ ಹತ್ತು ದಿನ ಪ್ರೆಡ್ನಿಸಲೋನ್ ಎಂಬ ಸ್ಟೆರಾಯ್ಡ್ ಔಷಧವನ್ನು ಕೊಟ್ಟವರಲ್ಲಿ ಒಂಬತ್ತು ತಿಂಗಳ ಹೊತ್ತಿಗೆ ನೂರಕ್ಕೆ 94 ಮಂದಿ ಪೂರ್ಣ ಗುಣವಾದರು. ಅದನ್ನು ಕೊಡದವರಲ್ಲಿ 82 ಮಂದಿ. ವೈರಸ್ಸಿಗೆಂದು ಕೊಟ್ಟ ಏಸೈಕ್ಲೋವಿರ್ ಔಷಧದಿಂದ ಹೆಚ್ಚಿನ ಪ್ರಯೋಜನ ಕಾಣಲಿಲ್ಲ. ಇದು ಸ್ವಲ್ಪ ಆಶ್ಚರ್ಯದ ವಿಷಯವೇ. ಏಕೆಂದರೆ ಜಪಾನಿನ ಮುರಕಾಮಿ ಮತ್ತು ಸಂಗಡಿಗರು 1996ರಲ್ಲಿ, ಶಸ್ತ್ರಚಿಕಿತ್ಸೆಯಾದ 14 ರೋಗಿಗಳಲ್ಲಿ 11 ಮಂದಿಯ ನರದ ದ್ರವದಲ್ಲಿ, ತುಟಿಯ ಮೇಲೆ ಜ್ವರದ ಗುಳ್ಳೆ ಎಬ್ಬಿಸುವ ಹರ್ಪಿಸ್ ವೈರಸ್ಸಿನ ಗುರುತನ್ನು ಕಂಡಿದ್ದರು. ಬಾಲ್ಯದಲ್ಲಿ ಒಳಹೊಕ್ಕು ನರದ ಗಂಟಿನಲ್ಲಿ ನಿದ್ರಿಸುವ ಆ ವೈರಸ್ ಎಂದೋ ಎಚ್ಚೆತ್ತಾಗ ನರ ಬಾತುಕೊಳ್ಳುತ್ತದೆಂದು ಅನೇಕರ ಊಹೆ. ಅದು ಇನ್ನೂ ಸಿದ್ಧಾಂತವಾಗಿಲ್ಲ.

ನಿದ್ರಿಸಿದ್ದು ಒಮ್ಮೆ ಎದ್ದರೆ ಇನ್ನೊಮ್ಮೆಯೂ ಎದ್ದೀತಲ್ಲವೆ? ಹೌದು, ನೂರಕ್ಕೆ ಸುಮಾರು ಏಳರಿಂದ ಹನ್ನೆರಡು ಮಂದಿಗೆ ಈ ರೋಗ ಮರಳುತ್ತದೆ. ಅದೇ ಕಡೆಗೂ ಬರಬಹುದು, ಎದುರು ಕಡೆಗೂ ಬರಬಹುದು. ನಡುವೆ ಹಲವು ವರ್ಷಗಳೇ ಕಳೆದಿರಬಹುದು. ಈ ಲೇಖಕ ಅಂಥವರಲ್ಲಿ ಒಬ್ಬ. ಮೊದಲನೆಯ ಸಲ ಎಡಗಡೆಗೆ ಬಂದದ್ದು ನಲವತ್ತೊಂದನೆಯ ವಯಸ್ಸಿನಲ್ಲಿ. ಎರಡನೆಯ ಸಲ ಬಲಗಡೆಗೆ, ಐವತ್ತೆರಡರಲ್ಲಿ. ಕನ್ನಡ ಪಂಡಿತನಿಗೆ ತುಟಿ ಸೋತರೆ ಆಗುವ ಪಾಡು ಬೇರೆಯವರಿಗೆ ಅಷ್ಟಾಗಿ ಹೊಳೆಯಲಾರದು. ಪವರ್ಗದ ಅಕ್ಷರಗಳೆಲ್ಲ ಓಷ್ಠ್ಯಗಳು. ಪಕಾರ ಬಕಾರಗಳಿಗೆ ತುಟಿಗಳು ಕೂಡಿ ಗಾಳಿಯನ್ನು ತಡೆಹಿಡಿಯಬೇಕು. ಅದು ಕಟವಾಯಿಂದ ನುಣುಚಿಕೊಳ್ಳುತ್ತಿತ್ತು. ಮಕಾರಕ್ಕೆ ಮೂಗಿನ ಆಸರೆ ಇರುವುದರಿಂದ ಅದೊಂದು ತಕ್ಕಮಟ್ಟಿಗೆ ಉಳಿದುಕೊಂಡಿತು. ನಾಲಗೆಯ ಮುಂಭಾಗಕ್ಕೆ ರುಚಿ ತಿಳಿಯುತ್ತಿರಲಿಲ್ಲ. ಆ ರುಚಿಯ ಎಳೆಯೂ ಏಳನೆಯ ನರದೊಡನೆಯೇ ಬರುತ್ತದೆ. ಶಾಲೆಯ ಗಂಟೆ ಆ ಕಿವಿಗೆ ಎರಡರಷ್ಟಾಗಿ ಕೇಳುತ್ತಿತ್ತು. ಕಿವಿಯೊಳಗೆ ದೊಡ್ಡ ಸದ್ದನ್ನು ತಡೆಯುವ ಪುಟ್ಟ ಸ್ನಾಯುವಿಗೂ ಇದೇ ನರ. ಎರಡನೆಯ ಸಲ ತರಗತಿಗೆ ಮರಳಿದ ದಿನ ಒಂಬತ್ತನೆಯ ತರಗತಿಯವರಿಗೆ ವರ್ಣಗಳ ಉತ್ಪತ್ತಿಸ್ಥಾನದ ಪಾಠವನ್ನೇ ಇಟ್ಟುಕೊಂಡೆನು. ಆ ಮಕ್ಕಳಿಗೆ ಓಷ್ಠ್ಯವೆಂದರೇನೆಂಬುದು ಮತ್ತೆಂದೂ ಮರೆಯಲಿಕ್ಕಿಲ್ಲ.

ಆದರೆ ರೋಗದ ಕಷ್ಟಕ್ಕಿಂತ ಹೆಚ್ಚಿನದು ಮನಸ್ಸಿನದು. ಮೊದಲನೆಯ ಸಲ ಭಯವಿರುತ್ತದೆ. ಎರಡನೆಯ ಸಲ ಬೇಸರವಿರುತ್ತದೆ. ಗುಣವಾಯಿತೆಂದು ನಂಬಿದ್ದ ದೇಹ ಮಾತಿಗೆ ತಪ್ಪಿತೆಂಬ ಭಾವನೆ. ಜೊತೆಗೆ ಇನ್ನೊಂದು ಅಪಾಯ: “ಹಿಂದೆಯೂ ಬಂದಿತ್ತು, ತಾನಾಗಿ ಹೋಯಿತು, ಈಗಲೂ ಹೋದೀತು” ಎಂಬ ಅನುಭವಸ್ಥರ ಧೈರ್ಯ. ಸಂಬಂಧಿಕರೆಲ್ಲ ಹೇಳುವುದೂ ಇದನ್ನೇ. ಇಲ್ಲಿಯೇ ಇತಿಹಾಸ ನಮ್ಮ ನೆರವಿಗೆ ಬರಬೇಕು. ಸುಶ್ರುತ, ರಾಜಿ, ಬೆಲ್ ಇವರೆಲ್ಲರೂ ಮಾಡಿದ ಕೆಲಸ ಒಂದೇ ತೆರನಾಗಿ ಕಾಣುವುದನ್ನು ಬೇರ್ಪಡಿಸಿ ನೋಡುವುದು. 1907ರಲ್ಲಿ ರಾಮ್ಸೆ ಹಂಟ್ ಎಂಬಾತ ಕಿವಿಯಲ್ಲಿ ಗುಳ್ಳೆಗಳೆದ್ದು ಮುಖ ಬೀಳುವುದನ್ನು ಪ್ರತ್ಯೇಕಿಸಿ ತೋರಿಸಿದ. ಅದಕ್ಕೆ ಬೇರೆ ವೈರಸ್ ಕಾರಣ. 1928ರಲ್ಲಿ ಸ್ವೀಡನ್ನಿನ ಮೆಲ್ಕರ್ಸನ್, ಮುಖ ಸೋಲುವುದರ ಜೊತೆಗೆ ತುಟಿ ಊದಿಕೊಳ್ಳುವುದನ್ನು ವಿವರಿಸಿದ. 1931ರಲ್ಲಿ ರೊಸೆಂತಾಲ್ ಎಂಬಾತ ನಾಲಗೆ ಬಿರುಕುಬಿಡುವುದನ್ನು ಅದಕ್ಕೆ ಸೇರಿಸಿದ. ಮತ್ತೆ ಮತ್ತೆ ಮುಖ ಬೀಳುವವರಲ್ಲಿ ಈ ರೋಗವನ್ನೂ ವೈದ್ಯರು ನೆನೆಯುತ್ತಾರೆ. ಮಧುಮೇಹವಿದ್ದವರಿಗೆ ಬೆಲ್ ರೋಗದ ಸಂಭವ ಹೆಚ್ಚು. ಥಟ್ಟನೆ ಬಾರದೆ ವಾರಗಟ್ಟಲೆ ಮೆಲ್ಲಮೆಲ್ಲನೆ ಬಂದರೆ, ಅಥವಾ ಮೂರು ನಾಲ್ಕು ತಿಂಗಳಾದರೂ ಸ್ವಲ್ಪವೂ ಗುಣ ಕಾಣದಿದ್ದರೆ, ನರದ ದಾರಿಯಲ್ಲಿ ಗೆಡ್ಡೆಯಿದೆಯೇ ಎಂದು ನೋಡಬೇಕಾಗುತ್ತದೆ. ಎಂದಮೇಲೆ ಎರಡನೆಯ ಸಲ ಬಂದದ್ದು ಮೊದಲನೆಯದೇ ಎಂದು ರೋಗಿ ತಾನೇ ತೀರ್ಮಾನಿಸುವಂತಿಲ್ಲ. ಪ್ರತಿ ಸಲವೂ ಅದು ಹೊಸ ರೋಗವೆಂಬಂತೆ ವೈದ್ಯರ ಮುಂದೆ ಕುಳಿತುಕೊಳ್ಳಬೇಕು. ಆ 72 ಗಂಟೆಗಳ ಅವಧಿ ಎರಡನೆಯ ಸಲಕ್ಕೂ ಉಂಟು.

ಗುಣವಾದಮೇಲೂ ಕೆಲವರಲ್ಲಿ ಗುರುತುಗಳು ಉಳಿಯುತ್ತವೆ. ಮರಳಿ ಬೆಳೆಯುವ ನರದ ಎಳೆಗಳು ಹಳೆಯ ಮನೆಯನ್ನು ಬಿಟ್ಟು ನೆರೆಮನೆಗೆ ಹೊಗುವುದುಂಟು. ಹಾಗಾದಾಗ ನಕ್ಕರೆ ಕಣ್ಣು ಕಿರಿದಾಗುತ್ತದೆ. ಜೊಲ್ಲಿನ ಗ್ರಂಥಿಗೆ ಹೋಗಬೇಕಾದ ಎಳೆ ಕಣ್ಣೀರಿನ ಗ್ರಂಥಿಯನ್ನು ಸೇರಿದರೆ ಊಟಮಾಡುವಾಗ ಕಣ್ಣಲ್ಲಿ ನೀರು ಸುರಿಯುತ್ತದೆ. ರಷ್ಯದ ಬೊಗೊರಾಡ್ ಎಂಬ ವೈದ್ಯ 1928ರಲ್ಲಿ ಇದನ್ನು ‘ಮೊಸಳೆಯ ಕಣ್ಣೀರು’ ಎಂದು ಕರೆದ. ನಮ್ಮಲ್ಲಿಯೂ ಇರುವ ನುಡಿಗಟ್ಟೇ ಅದು. ಆದರೆ ಈ ಕಣ್ಣೀರಿನಲ್ಲಿ ಕಪಟವಿಲ್ಲ.

ಮುಖವೇ ಮನಸ್ಸಿನ ಕನ್ನಡಿ ಎಂದು ನಂಬಿದ ಲೋಕಕ್ಕೆ ಇದನ್ನು ತಿಳಿಯಹೇಳುವುದು ಸುಲಭವಲ್ಲ. ಮುಖ ಸೋತವನು ನಕ್ಕರೆ ಅಣಕಿಸಿದನೆನ್ನುತ್ತಾರೆ, ನಗದಿದ್ದರೆ ಬಿಗುಮಾನದವನೆನ್ನುತ್ತಾರೆ. ಕೆನಡದ ಜ್ಯಾಂ ಕ್ರೆತ್ಯೆಂ ಎಂಬ ರಾಜಕಾರಣಿಯ ಮುಖದ ಎಡಭಾಗ ಚಿಕ್ಕಂದಿನಲ್ಲಿಯೇ ಈ ರೋಗದಿಂದ ಸೋತಿತ್ತು. 1993ರ ಚುನಾವಣೆಯಲ್ಲಿ ಎದುರು ಪಕ್ಷದವರು ಆತನ ಸೊಟ್ಟ ಮುಖದ ಚಿತ್ರಗಳನ್ನು ಟೆಲಿವಿಷನ್ನಿನಲ್ಲಿ ತೋರಿಸಿ, ಇಂಥವನು ಪ್ರಧಾನಿಯಾಗಬೇಕೇ ಎಂಬರ್ಥ ಬರುವಂತೆ ಪ್ರಚಾರ ಮಾಡಿದರು. ಜನ ರೇಗಿದರು, ಪಕ್ಷ ಆ ಪ್ರಚಾರವನ್ನು ಬೇಗನೆ ಹಿಂತೆಗೆದುಕೊಂಡಿತು. ಕ್ರೆತ್ಯೆಂ ಮಾತ್ರ, ತಾನು ಬಾಯಿಯ ಒಂದೇ ಕಡೆಯಿಂದ ಮಾತನಾಡುವವನು, ಎದುರಾಳಿಗಳಂತೆ ಎರಡು ಕಡೆಯಿಂದ ಅಲ್ಲ, ಎಂದು ನಗೆಯಾಡಿದರು. ಬೇರೆ ಕಾರಣಗಳೂ ಕೂಡಿಕೊಂಡು, ಆಡಳಿತದಲ್ಲಿದ್ದ ಆ ಪಕ್ಷಕ್ಕೆ ಸಿಕ್ಕಿದ್ದು ಎರಡೇ ಸ್ಥಾನ. ಕ್ರೆತ್ಯೆಂ 2003ರ ವರೆಗೆ ಪ್ರಧಾನಿಯಾಗಿದ್ದರು.

ಕೊನೆಯದಾಗಿ, ಈ ರೋಗ ಬಂದವರ ಮನೆಯವರಿಗೆ ಎರಡು ಮಾತು. ಮುಚ್ಚದ ಕಣ್ಣನ್ನು ಮೊದಲು ಕಾಪಾಡಿರಿ. ಹಗಲು ವೈದ್ಯರು ಹೇಳಿದ ಕಣ್ಣಿನ ಹನಿ, ರಾತ್ರಿ ಮುಲಾಮು ಹಚ್ಚಿ ರೆಪ್ಪೆಯನ್ನು ಮುಚ್ಚಿ ಕಟ್ಟುವುದು, ಹೊರಗೆ ಹೋಗುವಾಗ ದೂಳು ತಡೆಯುವ ಕನ್ನಡಕ. ಮುಖ ಮರಳಿ ಬಂದರೂ ಒಣಗಿ ಹುಣ್ಣಾದ ಕಣ್ಣು ಮರಳುವುದು ಕಷ್ಟ. ಎರಡನೆಯದು, ದಿನಕ್ಕೆ ಹತ್ತು ಸಲ ಕನ್ನಡಿ ಹಿಡಿದು “ಇವತ್ತು ಎಷ್ಟಾಗಿದೆ?” ಎಂದು ಕೇಳಬೇಡಿರಿ. ನರ ತನ್ನ ಪಾಡಿಗೆ ತಾನು ನಿಧಾನವಾಗಿ ಬೆಳೆಯುತ್ತದೆ. ಮೂರು ವಾರಕ್ಕೆ ಆಗದಿದ್ದರೆ ಮೂರು ತಿಂಗಳಿಗೆ ಆದೀತು. ಅಷ್ಟರವರೆಗೆ ಆತನೊಡನೆ ಎಂದಿನಂತೆ ಮಾತನಾಡುತ್ತಿರಿ. ಪಕಾರ ಬಕಾರಗಳು ಸ್ವಲ್ಪ ಜಾರಿದರೆ ಕೇಳಿಸದಂತೆ ಇದ್ದುಬಿಡಿರಿ.